ಮೊಲವೇ ಓದಿದ ಹೆಸರುಪಟ್ಟಿ

ಪ್ರಶ್ನೆ: ರಜೆಗೆ ಬಂದಿದ್ದ ಮೊಮ್ಮಕ್ಕಳೊಂದಿಗೆ ಬಗ್ಸ್ ಬನ್ನಿಯ ಹಳೆಯ ಕಾರ್ಟೂನುಗಳನ್ನು ನೋಡಿದೆ. ಬಹುತೇಕ ಎಲ್ಲವೂ ಬಣ್ಣದ ವರ್ತುಲಗಳಿಂದಲೇ ಆರಂಭವಾಗುತ್ತವೆ. ಆದರೆ ಒಂದರಲ್ಲಿ ಮೊಲವೇ ಬಂದು ಹೆಸರುಗಳನ್ನು ಓದುತ್ತದೆ; ಕೆಲವದರಲ್ಲಿ ‘ಬ್ಲೂ ರಿಬ್ಬನ್’ ಎಂದಿದ್ದು, ನಿರ್ದೇಶಕರ ಹೆಸರೇ ಇಲ್ಲ. ಇದಕ್ಕೆ ಕಾರಣವೇನು?
— ಓದುಗರೊಬ್ಬರು, ಆಳಂದ (ಕಲಬುರಗಿ ಜಿಲ್ಲೆ)

ಉತ್ತರ: ಈ ಚಿತ್ರಗಳು ಟಿವಿಗಾಗಿ ಹುಟ್ಟಿದವಲ್ಲ. ಚಿತ್ರಮಂದಿರಗಳಲ್ಲಿ ದೊಡ್ಡ ಸಿನಿಮಾದ ಜೊತೆಗೆ ತೋರಿಸಲೆಂದು ತಯಾರಾದ ಆರೇಳು ನಿಮಿಷಗಳ ಕಿರುಚಿತ್ರಗಳು ಇವು. ಸ್ಟುಡಿಯೋಗಳು ಇವನ್ನು ಮಾಲಿಕೆಗಳಾಗಿ ಹೊರತರುತ್ತಿದ್ದುದರಿಂದ, ಪರದೆ ಬೆಳಗಿದ ಕೂಡಲೇ ಪ್ರೇಕ್ಷಕನಿಗೆ ಗುರುತು ಹತ್ತುವಂಥ ಆರಂಭವೊಂದು ಬೇಕಿತ್ತು. 1933ರಲ್ಲಿ ಶುರುವಾದ, ಪೊಪಾಯ್ ಎಂಬ ನಾವಿಕನ ಮಾಲಿಕೆಯ ಮೊದಮೊದಲ ಚಿತ್ರಗಳಲ್ಲಿ ಹಡಗಿನ ಬಾಗಿಲುಗಳು ತೆರೆದು ಮುಚ್ಚುತ್ತ ಹೆಸರುಗಳನ್ನು ತೋರಿಸುತ್ತಿದ್ದವು. ಬಗ್ಸ್ ಚಿತ್ರಗಳನ್ನು ಹೊರತಂದ ವಾರ್ನರ್ ಬ್ರದರ್ಸ್ ಸ್ಟುಡಿಯೋಗೆ ನೀವು ಹೇಳಿದ ವರ್ತುಲಗಳೇ ಮುದ್ರೆಯಾದವು.

ಆ ಮುದ್ರೆ ಎಲ್ಲರಿಗೂ ಬಾಯಿಪಾಠವಾಗಿದ್ದರಿಂದಲೇ ಅದನ್ನು ಮುರಿಯುವುದರಲ್ಲಿ ಸ್ವಾರಸ್ಯವಿತ್ತು. ನೀವು ನೋಡಿದ್ದು 1941ರ ‘ಟಾರ್ಟಾಯ್ಸ್ ಬೀಟ್ಸ್ ಹೇರ್’ ಆಗಿರಬೇಕು. ಅದರಲ್ಲಿ ಬಗ್ಸ್ ಗಜ್ಜರಿ ಮೆಲ್ಲುತ್ತ ಹೆಸರುಪಟ್ಟಿಯ ಮುಂದೆ ಬಂದು ನಿಂತು, ಚಿತ್ರ ಮಾಡಿದವರ ಹೆಸರುಗಳನ್ನು ತಪ್ಪುತಪ್ಪಾಗಿ ಉಚ್ಚರಿಸುತ್ತ ಓದುತ್ತದೆ. ನಿರ್ದೇಶಕ ಟೆಕ್ಸ್ ಏವರಿಯ ಹೆಸರೂ ಅದರ ಬಾಯಲ್ಲಿ ನೆಟ್ಟಗೆ ಉಳಿಯುವುದಿಲ್ಲ. ಕೊನೆಗೆ ‘ಆಮೆ ಮೊಲವನ್ನು ಸೋಲಿಸುತ್ತದೆ’ ಎಂಬರ್ಥದ ಶೀರ್ಷಿಕೆ ಕಣ್ಣಿಗೆ ಬಿದ್ದಾಗ ಕೆರಳಿ ಅದನ್ನೇ ಹರಿದುಹಾಕುತ್ತದೆ. ನಮ್ಮ ಭಾಗದ ದೊಡ್ಡಾಟದಲ್ಲಿ ರಂಗಕ್ಕೆ ಬಂದ ವೇಷವನ್ನು ತಡೆದು, ನೀನಾರೆಂದು ಸಾರಥಿ ವಿಚಾರಿಸುತ್ತಾನೆ. ಇಲ್ಲಿ ವೇಷವೇ ಮುಂದೆ ಬಂದು ತನ್ನನ್ನು ಕಟ್ಟಿದವರನ್ನು ವಿಚಾರಿಸುತ್ತದೆ. ಇಷ್ಟು ಧೈರ್ಯದ ಆರಂಭವನ್ನು ನಾನು ಕಂಡಿರುವುದು ಕಡಿಮೆ.

ಏವರಿ ಎಂಜಿಎಂ ಸ್ಟುಡಿಯೋಗೆ ಹೋದ ಮೇಲೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. 1943ರ ‘ರೆಡ್ ಹಾಟ್ ರೈಡಿಂಗ್ ಹುಡ್’ ತೋಳ ಮತ್ತು ಕೆಂಪು ಟೋಪಿಯ ಹುಡುಗಿಯ ಹಳೆಯ ಕಥೆಯಾಗಿಯೇ ಶುರುವಾಗುತ್ತದೆ; ಅದೇ ಕಥೆ ಸಾಕಾಯಿತೆಂದು ಪಾತ್ರಗಳು ನಿರೂಪಕನ ಮೇಲೆ ತಿರುಗಿಬಿದ್ದ ಬಳಿಕ ಹೊಸ ಶೀರ್ಷಿಕೆ ಮೂಡಿ, ಚಿತ್ರ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ವಾರ್ನರ್‌ನ ಇನ್ನೊಬ್ಬ ನಿರ್ದೇಶಕ ಚಕ್ ಜೋನ್ಸ್ ಅವರ ‘ಡಕ್ ಅಮಕ್’ (1953) ಕತ್ತಿವರಸೆಯ ಸಾಹಸಕಥೆಯಂತೆ ತೊಡಗಿ, ಬಾತುಕೋಳಿ ಕತ್ತಿ ಬೀಸುತ್ತಿರುವಾಗಲೇ ಹಿನ್ನೆಲೆಯ ಚಿತ್ರ ಮುಗಿದುಹೋಗಿ ಬರೀ ಬಿಳಿ ಪರದೆ ಉಳಿಯುತ್ತದೆ.

ಇನ್ನು ‘ಬ್ಲೂ ರಿಬ್ಬನ್’ ವಿಷಯ. ಅದು ಕಲಾವಿದರ ಕಲ್ಪನೆಯಲ್ಲ, ವ್ಯಾಪಾರದ ಏರ್ಪಾಡು. 1943ರಿಂದ ವಾರ್ನರ್ ಸಂಸ್ಥೆ ತನ್ನ ಹಳೆಯ ಚಿತ್ರಗಳನ್ನು ಆ ಹೆಸರಿನಲ್ಲಿ ಮರುಬಿಡುಗಡೆ ಮಾಡಿತು. ಆಗ ಪ್ರತಿಗಳನ್ನು ತೆಗೆಯುವ ಮೂಲ ನೆಗೆಟಿವ್‌ನಿಂದಲೇ ಹೆಸರುಪಟ್ಟಿಯನ್ನು ಕತ್ತರಿಸಿ ಹೊಸ ಆರಂಭವನ್ನು ಅಂಟಿಸಲಾಯಿತು. ಬಗ್ಸ್‌ನ ಪೂರ್ಣ ಸ್ವಭಾವ ಮೊದಲು ಕಾಣಿಸಿಕೊಂಡ, ಏವರಿಯವರದೇ ನಿರ್ದೇಶನದ ‘ಎ ವೈಲ್ಡ್ ಹೇರ್’ (1940) ಕೂಡ ಹೀಗೆ ‘ದಿ ವೈಲ್ಡ್ ಹೇರ್’ ಎಂದು ಹೆಸರು ಬದಲಾಯಿಸಿಕೊಂಡು, ನಿರ್ದೇಶಕರ ಹೆಸರಿಲ್ಲದೆ ಚಿತ್ರಮಂದಿರಕ್ಕೆ ಮರಳಿತು. ಮೊಲ ತಪ್ಪಾಗಿಯಾದರೂ ಓದಿದ್ದ ಹೆಸರನ್ನು ಕತ್ತರಿ ಪೂರಾ ಅಳಿಸಿತು ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಹಳೆಯ ಪ್ರತಿಗಳಲ್ಲಿ ಮೂಲ ಹೆಸರುಪಟ್ಟಿ ದೊರೆತಿರುವ ಕೆಲವು ಚಿತ್ರಗಳಿಗೆ ಅದನ್ನು ಮತ್ತೆ ಜೋಡಿಸಲಾಗಿದೆ; ‘ಎ ವೈಲ್ಡ್ ಹೇರ್’ ಅವುಗಳಲ್ಲಿ ಒಂದು. ಮುಂದಿನ ರಜೆಯಲ್ಲಿ ಮೊಮ್ಮಕ್ಕಳಿಗೆ ಆ ಪ್ರತಿಯನ್ನೇ ಹುಡುಕಿ ತೋರಿಸಿ.