ಮೇಲೊಂದು ಡಿ, ಕೆಳಗೊಂದು ಡಿ

ಪ್ರಶ್ನೆ: ಮೇಡಂ, ಹಗಲು ಕೆಲಸ ಮಾಡಿಕೊಂಡು ರಾತ್ರಿ ಡಿಗ್ರಿಗೆ ಓದುತ್ತಿದ್ದೇನೆ. ಕ್ಯಾಲ್ಕುಲಸ್ ಮುಟ್ಟಿ ಹನ್ನೆರಡು ವರ್ಷ ಆಗಿದೆ. ಒಂದು ಪುಸ್ತಕದಲ್ಲಿ ಡಿವೈ ಬೈ ಡಿಎಕ್ಸ್, ಇನ್ನೊಂದರಲ್ಲಿ ಎಫ್ ಪಕ್ಕ ಸಣ್ಣ ಗೀಟು, ಫಿಸಿಕ್ಸ್ ನೋಟ್ಸ್‌ನಲ್ಲಿ ಎಕ್ಸ್ ತಲೆ ಮೇಲೆ ಚುಕ್ಕಿ. ಇವೆಲ್ಲ ಬೇರೆ ಬೇರೆಯಾ? ಮೇಲೂ ಕೆಳಗೂ ಡಿ ಇದೆಯಲ್ಲ, ಹೊಡೆದು ಹಾಕಬಾರದಾ? ಸೈನ್ ಸ್ಕ್ವೇರ್ ಎಕ್ಸ್ ಡಿಫರೆನ್ಶಿಯೇಟ್ ಮಾಡಿದರೆ ನನಗೆ 2 ಕಾಸ್ ಎಕ್ಸ್ ಬರುತ್ತದೆ, ಅದು ತಪ್ಪಂತೆ. ಯಾರನ್ನಾದರೂ ಕೇಳೋಣ ಅಂದರೆ ಏನಂತ ಕೇಳಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ನಾನೂ ಮೊದಲ ಟೆಸ್ಟಿನಲ್ಲಿ ಎರಡೂ ಡಿ ಹೊಡೆದು, ವೈ ಬೈ ಎಕ್ಸ್ ಅಂತ ಬರೆದು, ಖುಷಿಯಾಗಿ ಮನೆಗೆ ಬಂದವಳು. ತಿದ್ದಿದವರು ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅಷ್ಟೇ. ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ.

ಡಿ ಅನ್ನೋದು ಒಂದು ಸಂಖ್ಯೆ ಅಲ್ಲ. ಡಿಎಕ್ಸ್ ಅಂದರೆ ಎಕ್ಸ್‌ನಲ್ಲಿ ಆದ ಚಿಟಿಕೆಯಷ್ಟು ಬದಲಾವಣೆ. ಎರಡಕ್ಷರ ಸೇರಿ ಒಂದೇ ಪದ. ಚಿಕ್ಕಪ್ಪ ಬೈ ಚಿಕ್ಕಮ್ಮ ಅಂತ ಬರೆದು ಮೇಲೂ ಕೆಳಗೂ 'ಚಿಕ್ಕ' ಹೊಡೆದರೆ ಅಪ್ಪ ಬೈ ಅಮ್ಮ ಆಗುತ್ತದಾ? ಮುಂದೆ ಚೈನ್ ರೂಲ್ ಬರುತ್ತದೆ, ಒಂದರೊಳಗೆ ಇನ್ನೊಂದು ಕೂತಿರುವಾಗ ಹೊರಗಿನದನ್ನೂ ಒಳಗಿನದನ್ನೂ ಬೇರೆ ಬೇರೆ ಬಿಡಿಸಿ ಗುಣಿಸುವ ನಿಯಮ. ಒಳಗಿನದಕ್ಕೆ ಯು ಅಂತ ಹೆಸರಿಟ್ಟರೆ, ಅಲ್ಲಿ ಡಿಯು ಹೊಡೆದು ಹೋದ ಹಾಗೆ ಕಾಣುತ್ತದೆ. ಅಲ್ಲೂ ಹೋಗುವುದು ಡಿಯು ಅನ್ನೋ ಇಡೀ ತುಂಡು, ಬರೀ ಡಿ ಅಲ್ಲ.

ಒಂದು ಸಲ ಕೈಯಲ್ಲಿ ಲೆಕ್ಕ ಮಾಡಿ ನೋಡಿ. ವೈ ಅಂದರೆ ಎಕ್ಸ್ ಸ್ಕ್ವೇರ್ ಅಂತ ಇಟ್ಟುಕೊಳ್ಳಿ. ಎಕ್ಸ್ 3 ಇದ್ದಾಗ ವೈ 9. ಎಕ್ಸ್ ಅನ್ನು 3.01 ಮಾಡಿದರೆ ವೈ 9.0601. ಅಂದರೆ ಎಕ್ಸ್ 0.01 ಏರಿದ್ದಕ್ಕೆ ವೈ 0.0601 ಏರಿತು. ಭಾಗಿಸಿದರೆ 6.01. ಇನ್ನೂ ಚಿಕ್ಕ ಹೆಜ್ಜೆ ಇಡಿ, 3.001. ಈಗ 6.001. ಎತ್ತ ಹೋಗುತ್ತಿದೆ ಅಂತ ಕಾಣುತ್ತಿದೆ ಅಲ್ವಾ? ಆ 6 ಅನ್ನೇ ಡೆರಿವೇಟಿವ್ ಅನ್ನುತ್ತೇವೆ, ಅದನ್ನು ಕಂಡುಹಿಡಿಯುವುದೇ ಡಿಫರೆನ್ಶಿಯೇಟ್ ಮಾಡುವುದು. 2ಎಕ್ಸ್ ಅನ್ನೋ ಸೂತ್ರದಲ್ಲಿ 3 ಹಾಕಿದರೂ ಅದೇ.

ನೀವು ಹೇಳಿದ ಮೂರು ಬರವಣಿಗೆಯೂ ಈ ಒಂದೇ ವಿಷಯಕ್ಕೆ. ಡಿವೈ ಬೈ ಡಿಎಕ್ಸ್ ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್‌ನದು, 1684ರಲ್ಲಿ ಅಚ್ಚಾದ ಅವನ ಲೇಖನದಿಂದ ಹರಡಿತು. ಗೀಟು 1797ರ ಹೊತ್ತಿಗೆ ಲಾಗ್ರಾಂಜ್ ಅನ್ನೋ ಗಣಿತಜ್ಞ ಬಳಸಿದ್ದು. ಚುಕ್ಕಿ ನ್ಯೂಟನ್‌ನದು, ಈಗ ಹೆಚ್ಚಾಗಿ ಕಾಲಕ್ಕೆ ತಕ್ಕಂತೆ ಬದಲಾಗುವುದಕ್ಕೆ ಹಾಕುತ್ತಾರೆ. ನನಗಂತೂ ಲೈಬ್‌ನಿಟ್ಸ್‌ನದೇ ಇಷ್ಟ. ಯಾವುದು ಬದಲಾದರೆ ಯಾವುದು ಬದಲಾಗುತ್ತದೆ ಅಂತ ಬಾಯಿ ಬಿಟ್ಟು ಹೇಳುತ್ತದೆ. ಗೀಟು ಬರೆಯಲು ಸುಲಭ, ಆದರೆ ಮಾತು ನುಂಗುತ್ತದೆ.

ಈಗ ಸೈನ್. ಇಲ್ಲಿ ಬೇಕಾಗುವುದು ಆಗ ಹೇಳಿದ ಚೈನ್ ರೂಲೇ. ಸೈನ್ ಸ್ಕ್ವೇರ್ ಎಕ್ಸ್ ಅಂದರೆ ಸೈನ್ ಎಕ್ಸ್ ಅನ್ನು ಬ್ರಾಕೆಟ್ಟಿನಲ್ಲಿ ಹಾಕಿ, ಇಡೀ ಬ್ರಾಕೆಟ್ಟಿಗೆ ಸ್ಕ್ವೇರ್. ಹಾಗೇ ಬರೆದುಕೊಳ್ಳಿ. ಮೊದಲು ಹೊರಗಿನ ಸ್ಕ್ವೇರ್ ಬಿಡಿಸಿ: 2 ಸೈನ್ ಎಕ್ಸ್. ಒಳಗಿರುವುದನ್ನು ಮುಟ್ಟಬೇಡಿ. ಆಮೇಲೆ ಒಳಗಿನದರ ಡೆರಿವೇಟಿವ್, ಕಾಸ್ ಎಕ್ಸ್, ಅದರಿಂದ ಗುಣಿಸಿ. ಉತ್ತರ 2 ಸೈನ್ ಎಕ್ಸ್ ಕಾಸ್ ಎಕ್ಸ್. ನೀವು ಸ್ಕ್ವೇರ್ ಇಳಿಸುವಾಗಲೇ ಒಳಗಿನ ಸೈನ್ ಅನ್ನೂ ಕಾಸ್ ಮಾಡಿಬಿಟ್ಟಿದ್ದೀರಿ. ಅದೇ ಸ್ಕ್ವೇರ್ ಎಕ್ಸ್ ಮೇಲೆ ಮಾತ್ರ ಇದ್ದರೆ ಲೆಕ್ಕವೇ ಬೇರೆ. ಆಗ 2ಎಕ್ಸ್ ಕಾಸ್ ಎಕ್ಸ್ ಸ್ಕ್ವೇರ್, ಇಲ್ಲೂ ಸ್ಕ್ವೇರ್ ಒಳಗಿನ ಎಕ್ಸ್‌ಗೆ ಮಾತ್ರ.

ಇನ್ನೊಂದು ಗುಂಡಿ ಮುಂದೆ ಕಾದಿದೆ. ಸೈನ್ ತಲೆ ಮೇಲೆ ಮೈನಸ್ 1 ಇದ್ದರೆ ಅದು 1 ಬೈ ಸೈನ್ ಅಲ್ಲ, ಇನ್ವರ್ಸ್, ಅಂದರೆ ಸೈನ್ ಬೆಲೆಯಿಂದ ಹಿಂದಕ್ಕೆ ಹೋಗಿ ಕೋನ ಹುಡುಕುವುದು. 1813ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾನ್ ಹರ್ಷೆಲ್ ತಂದ ಚಿಹ್ನೆ. ಅವನ ಲೆಕ್ಕದಲ್ಲಿ ಸೈನ್ ಸ್ಕ್ವೇರ್ ಅಂದರೂ ಸೈನ್‌ನ ಸೈನ್ ಆಗಬೇಕಿತ್ತು. ಜನ ಅರ್ಧ ಒಪ್ಪಿಕೊಂಡು ಅರ್ಧ ಬಿಟ್ಟರು. ಇದರಲ್ಲಿ ಎಡವಿದರೆ ನಿಮ್ಮನ್ನು ದಡ್ಡರು ಅಂದುಕೊಳ್ಳಬೇಡಿ.

ಕೇಳುವುದು ಹೇಗೆ ಅಂದಿರಿ. 'ಡಿಫರೆನ್ಶಿಯೇಷನ್ ಅರ್ಥ ಆಗ್ತಿಲ್ಲ' ಅಂದರೆ ಎದುರಿನವರು ಸುಮ್ನೆ ಮೊದಲ ಪುಟದಿಂದ ಶುರು ಮಾಡುತ್ತಾರೆ. ಪೂರ್ತಿ ಲೆಕ್ಕ ಬರೆಯಿರಿ, ನಿಂತ ಸಾಲಿಗೆ ಗುರುತು ಹಾಕಿ, ಆ ಸಾಲನ್ನು ನೀವು ಹೇಗೆ ಓದಿಕೊಂಡಿರಿ ಅಂತ ಮಾತಿನಲ್ಲಿ ಹೇಳಿ. ತಪ್ಪು ಜಾಸ್ತಿ ಸಲ ಆ ಓದಿನಲ್ಲೇ ಸಿಗುತ್ತದೆ. ನಿಮ್ಮ 2 ಕಾಸ್ ಎಕ್ಸ್ ನೋಡಿಯೇ ನನಗೆ ಜಾಗ ಗೊತ್ತಾಯಿತು.

ಈಗ ಕಾಸ್ ಸ್ಕ್ವೇರ್ ಎಕ್ಸ್ ಮಾಡಿ. ಮೈನಸ್ 2 ಸೈನ್ ಎಕ್ಸ್ ಕಾಸ್ ಎಕ್ಸ್ ಬರಬೇಕು. ಮೈನಸ್ ತಪ್ಪಿಸಿಕೊಂಡರೆ, ತಪ್ಪಿಸಿಕೊಂಡ ಸಾಲನ್ನೇ ಬರೆದು ಕಳಿಸಿ.