ಹಿಂದಿನ ಹಲ್ಲಿನ ಹಾವು ಮನೆಯೊಳಗಿದ್ದರೆ?

ಪ್ರಶ್ನೆ: ಮಗ ಮುಳಶಿ ಕಡೆಯಿಂದ ಹಸಿರು ಹಾವೊಂದನ್ನು ತಂದು ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದಾನೆ. ‘ಹರಣಟೋಳ, ವಿಷ ಕಡಿಮೆ’ ಅನ್ನುತ್ತಾನೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಭಯಪಡಬೇಕೇ? – ಓದುಗರು, ಪುಣೆ

ಉತ್ತರ: ಮರಾಠಿಯ ಹರಣಟೋಳ ಅಂದರೆ ನಮ್ಮ ಹಸಿರು ಬಳ್ಳಿ ಹಾವು. ಅದು ಕಚ್ಚಿದರೆ ದೊಡ್ಡವರಿಗೆ ಸಾಮಾನ್ಯವಾಗಿ ನೋವು, ಬಾವು, ಸ್ವಲ್ಪ ಜೋಮು. ಕೆಲವು ದಿನಗಳಲ್ಲಿ ಇಳಿಯುತ್ತದೆ. ನಾಗರಹಾವಿನ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿದ್ದು ಸೂಜಿಯಂತೆ ಟೊಳ್ಳಾಗಿರುತ್ತದೆ. ಬಳ್ಳಿ ಹಾವಿನದು ಹಿಂಭಾಗದಲ್ಲಿ. ಹಲ್ಲಿನ ಮೇಲೆ ಗೀರಿನಂಥ ಕಾಲುವೆ ಮಾತ್ರ. ವಿಷ ಚಿಮ್ಮುವುದಿಲ್ಲ, ಜಿನುಗುತ್ತದೆ. ಹಾಗಾಗಿ ಕಚ್ಚಿ ಹಿಡಿದು ಎಷ್ಟು ಹೊತ್ತು ಅಗಿಯಿತು ಎನ್ನುವುದೇ ಮುಖ್ಯ. ದೊಡ್ಡವರು ತಕ್ಷಣ ಬಿಡಿಸಿಕೊಳ್ಳುತ್ತಾರೆ, ಎರಡು ವರ್ಷದ ಮಗುವಿಗೆ ಅದು ಆಗದು. ಅಷ್ಟೇ ವಿಷ ಪುಟ್ಟ ಮೈಗೆ ಹೆಚ್ಚಾಗುತ್ತದೆ. ಗುವಾಮ್ ದ್ವೀಪದಲ್ಲಿ ಇದೇ ಬಗೆಯ ಹಲ್ಲಿನ ಕಂದು ಮರಹಾವು ಕಚ್ಚಿ ಹಸುಗೂಸುಗಳಿಗೆ ಉಸಿರಾಟದ ತೊಂದರೆಯಾಗಿದೆ.

‘ಹಿಂದಿನ ಹಲ್ಲು’ ಎಂಬ ಮಾತನ್ನೇ ನಂಬಿ ಕೂರಬೇಡಿ. ಆಫ್ರಿಕಾದ ಬೂಮ್‌ಸ್ಲ್ಯಾಂಗ್ ಕೂಡ ಹಿಂದಿನ ಹಲ್ಲಿನದೇ. 1957ರಲ್ಲಿ ಅದರ ಮರಿ ಕಚ್ಚಿದ ಮರುದಿನವೇ ಅಮೆರಿಕದ ಹಾವು ತಜ್ಞ ಕಾರ್ಲ್ ಶ್ಮಿಟ್ ತೀರಿಕೊಂಡರು.

ಕಚ್ಚಿದರೆ ಉಂಗುರ, ಬಳೆ, ವಾಚು ತೆಗೆಯಿರಿ, ಸೋಪು ನೀರಿನಿಂದ ತೊಳೆಯಿರಿ, ಕೈ ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಐಸ್ ಇಡುವುದು ಬೇಡ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಬಳ್ಳಿ ಹಾವಿಗೆ ಕೆಲಸ ಮಾಡದು, ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ.

ಇಷ್ಟಕ್ಕೂ ಕಾಡಿನ ಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಲ್ಲಿ, ಕಪ್ಪೆ ತಿನ್ನುವ ಈ ಹಾವು ತೊಟ್ಟಿಯಲ್ಲಿ ಆಹಾರ ಬಿಟ್ಟು ಸೊರಗುವುದೇ ಹೆಚ್ಚು. ಇವತ್ತೇ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ಬೆಕ್ಕುಗಣ್ಣಿನ ಹಾವನ್ನೂ ಫುರಸೆಯನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ? – ಓದುಗರು, ನವಿ ಮುಂಬಯಿ

ಉತ್ತರ: ಫುರಸೆ ಅಂದರೆ ಗರಗಸ ಮಂಡಲ. ಅದರದು ಗಿಡ್ಡ, ದಪ್ಪ ಮೈ, ಮೋಟು ಬಾಲ. ತಲೆಯ ಮೇಲೆ ಸಣ್ಣ ಒರಟು ಹುರುಪೆ. ಕೆಣಕಿದರೆ ಸುರುಳಿ ಸುತ್ತಿ ಮೈ ಉಜ್ಜಿ ಕರಕರ ಸದ್ದು ಮಾಡುತ್ತದೆ. ಬೆಕ್ಕುಗಣ್ಣಿನ ಹಾವು ಬಳ್ಳಿ ಹಾವಿನಂತೆ ಹಿಂದಿನ ಹಲ್ಲಿನದು, ವಿಷ ಕಡಿಮೆ. ಅದರ ಮೈ ತೆಳ್ಳಗೆ, ಬಾಲ ಉದ್ದ, ತಲೆಯ ಮೇಲೆ ಅಗಲ ಹುರುಪೆ. ಕಣ್ಣಿನ ಪಾಪೆ ಎರಡಕ್ಕೂ ಸೀಳಿನಂತೆ, ಅದನ್ನು ನೋಡಿ ತೀರ್ಮಾನಿಸಬೇಡಿ. ಕಚ್ಚಿದ್ದು ಯಾವುದೆಂದು ಅನುಮಾನವಿದ್ದರೆ ಫುರಸೆ ಎಂದೇ ಎಣಿಸಿ ಆಸ್ಪತ್ರೆಗೆ ಓಡಿ. ಅಲ್ಲಿ 2 ಮಿ.ಲೀ. ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಅದು ವಿಷ ಏರಿದ ಗುರುತು, ಪ್ರತಿವಿಷ ಶುರು ಮಾಡುತ್ತಾರೆ.