ಓದುಗರ ಪ್ರಶ್ನೆಗೆ ಉತ್ತರ: ಆಟದ ಊರಿಗೆ ಬೇಕಾದ ರಸ್ತೆ ಮಾಡ್‌ಗಳು

ಪ್ರಶ್ನೆ: ಊರು ಕಟ್ಟುವ ಕಂಪ್ಯೂಟರ್ ಆಟ ‘ಸಿಟೀಸ್: ಸ್ಕೈಲೈನ್ಸ್’ನ ಮೊದಲ ಆವೃತ್ತಿಯಲ್ಲಿ ನಾನು ಕಟ್ಟಿರುವ ಊರಿನ ಮುಖ್ಯರಸ್ತೆಗೆ ಒಂದು ದಿಕ್ಕಿನಲ್ಲಿ ಮೂರು ಲೇನ್‌ಗಳಿದ್ದರೂ ವಾಹನಗಳೆಲ್ಲ ಒಂದರಲ್ಲೇ ಸಾಲುಗಟ್ಟುತ್ತವೆ. ಇದನ್ನು ಸರಿಪಡಿಸುವ ಮಾಡ್ (ಆಟಗಾರರು ಬರೆದು ಆಟಕ್ಕೆ ಸೇರಿಸುವ ಪುಟ್ಟ ತಂತ್ರಾಂಶ) ಇದೆಯೇ? ರಸ್ತೆ ತಿದ್ದುವುದಕ್ಕೆ ಎಂಥ ಮಾಡ್ ಬರಬೇಕೆಂದು ತಾವು ಬಯಸುತ್ತೀರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಫಿನ್ಲೆಂಡಿನ ಕೊಲೋಸಲ್ ಆರ್ಡರ್ ಸಂಸ್ಥೆ ರೂಪಿಸಿ 2015ರಲ್ಲಿ ಹೊರಬಂದ ಈ ಆಟದಲ್ಲಿ ರಸ್ತೆಯೆಂದರೆ ಸೆಗ್ಮೆಂಟ್ ಎಂಬ ತುಂಡುಗಳು ಮತ್ತು ಅವು ಕೂಡುವ ನೋಡ್ ಎಂಬ ಗಂಟುಗಳು. ಪ್ರತಿಯೊಂದು ವಾಹನವೂ ಮುಂದೆ ಎತ್ತ ತಿರುಗಬೇಕೆಂಬುದನ್ನು ನೋಡಿಕೊಂಡು ಬಹಳ ಮೊದಲೇ ಲೇನ್ ಹಿಡಿಯುವುದರಿಂದ, ಹೆಚ್ಚಿನವುಗಳಿಗೆ ಒಂದೇ ತಿರುವು ಬೇಕಾದಾಗ ಉಳಿದ ಲೇನ್‌ಗಳು ಬರಿದಾಗಿರುತ್ತವೆ. ರಸ್ತೆಯನ್ನು ಇನ್ನಷ್ಟು ಅಗಲಗೊಳಿಸಿದರೆ ಬರಿದಾದ ಲೇನ್‌ಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ.

‘ಟ್ರಾಫಿಕ್ ಮ್ಯಾನೇಜರ್: ಪ್ರೆಸಿಡೆಂಟ್ ಎಡಿಷನ್’ ಎಂಬ ಮಾಡ್ ಹಾಕಿಕೊಂಡರೆ ಯಾವ ಲೇನಿನಿಂದ ಯಾವ ಲೇನಿಗೆ ಸಾಗಬಹುದೆಂಬುದನ್ನು ತಾವೇ ಗೆರೆ ಎಳೆದು ನಿರ್ಧರಿಸಬಹುದು, ಸಿಗ್ನಲ್ಲಿನ ಅವಧಿ, ವೇಗಮಿತಿಗಳೂ ತಮ್ಮ ಕೈಯಲ್ಲಿರುತ್ತವೆ. ತಿರುವಿಗೆ ಎರಡು ಲೇನ್ ಬಿಟ್ಟುಕೊಡಿ. ಆದರೆ ತಿರುಗಿದ ಮೇಲೆ ಸೇರುವ ರಸ್ತೆಯಲ್ಲೂ ಎರಡು ಲೇನ್ ಇರಬೇಕು, ಇಲ್ಲವಾದರೆ ಸಾಲು ಒಂದು ಜಂಕ್ಷನ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆಯೇ ಹೊರತು ಕರಗುವುದಿಲ್ಲ. ಡೊಂಕಾದ ಜಂಕ್ಷನ್ನನ್ನು ಕೆಡವದೆ ಸರಿಸುವುದಕ್ಕೆ ‘ಮೂವ್ ಇಟ್’ ಎಂಬ ಮಾಡ್ ಸಾಕು.

ಇನ್ನು ನನ್ನ ಬಯಕೆ. ಮುಖ್ಯರಸ್ತೆ ಮತ್ತು ಅದರ ಎರಡು ಬದಿಯ ಸರ್ವಿಸ್ ರಸ್ತೆಗಳನ್ನು ಒಂದೇ ಎಳೆತಕ್ಕೆ ಹಾಸಿ, ಬೇಕಾದಲ್ಲಿ ಮಾತ್ರ ಒಳಹೋಗುವ ಹೊರಬರುವ ಕಂಡಿಗಳನ್ನು ಬಿಡಿಸಿ, ಮುಂದೆ ತಿದ್ದುವಾಗಲೂ ಮೂರನ್ನೂ ಒಟ್ಟಿಗೆ ಸರಿಸುವ ಮಾಡ್ ನನಗೆ ಬೇಕು. ಈಗ ಮೂರು ರಸ್ತೆಗಳನ್ನು ಬೇರೆಬೇರೆಯಾಗಿ ಹಾಕಿದರೆ ಅಡ್ಡರಸ್ತೆ ದಾಟುವಲ್ಲಿ ಮೂರು ನೋಡ್‌ಗಳು ಒತ್ತೊತ್ತಾಗಿ ಹುಟ್ಟಿ, ಒಂದೊಂದಕ್ಕೂ ಆಟವು ತಾನಾಗಿ ಸಿಗ್ನಲ್ ಇಡುವುದುಂಟು. ನಡುವಿನ ಗಿಡ್ಡ ತುಂಡುಗಳಲ್ಲಿ ಎರಡು ಬಸ್ಸು ನಿಂತರೆ ದಾರಿ ಮುಚ್ಚಿತು. ಮಾಡಿದ ಏರ್ಪಾಡು ಉಳಿಯುವುದೂ ಅಷ್ಟೇ ಮುಖ್ಯ. ಹಳೆಯ ರಸ್ತೆಯ ನಡುವೆ ಹೊಸದೊಂದನ್ನು ಸೇರಿಸಿದಾಗ ಆ ತುಂಡು ಎರಡಾಗುವುದರಿಂದ, ಶ್ರಮಪಟ್ಟು ಎಳೆದ ಲೇನ್ ಗೆರೆಗಳನ್ನು ಮತ್ತೆ ಎಳೆಯಬೇಕಾಗಿ ಬರುತ್ತದೆ. ಅಗಲದ ಮಾತೂ ಇದೆ: ಎಂಟು ಮೀಟರಿನ ಚೌಕಗಳ ಲೆಕ್ಕದಲ್ಲಿ ನಡೆಯುವ ಈ ಆಟದ ಸಾಮಾನ್ಯ ದ್ವಿಪಥ ರಸ್ತೆಗೆ 16 ಮೀಟರ್ ಬೇಕು, ನಮ್ಮ ಹಳೆಯ ಪೇಟೆಗಳಲ್ಲಿ ಅದನ್ನು ರಾಜಬೀದಿ ಎಂದಾರು.

ಪ್ರಶ್ನೆ: ಈ ಮಾಡ್‌ಗಳು ಎರಡನೆಯ ಆವೃತ್ತಿಯಲ್ಲಿ ನಡೆಯುತ್ತವೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. 2023ರ ಅಕ್ಟೋಬರಿನಲ್ಲಿ ಬಂದ ಆ ಆಟದ ಒಳರಚನೆಯೇ ಬೇರೆ. ಅದರ ಮಾಡ್‌ಗಳು ದೊರೆಯುವುದೂ ಮೊದಲ ಆಟದ ಮಾಡ್‌ಗಳಿರುವ ತಾಣವಾದ ಸ್ಟೀಮ್ ವರ್ಕ್‌ಶಾಪಿನಲ್ಲಲ್ಲ, ಆಟದ ಪ್ರಕಾಶಕ ಸಂಸ್ಥೆಯದೇ ತಾಣವಾದ ಪ್ಯಾರಾಡಾಕ್ಸ್ ಮಾಡ್ಸ್‌ನಲ್ಲಿ. ಲೇನ್ ಜೋಡಣೆಗೆ ‘ಟ್ರಾಫಿಕ್’, ತಮಗೆ ಬೇಕಾದ ಲೇನ್‌ಗಳನ್ನು ಪೋಣಿಸಿ ರಸ್ತೆ ರೂಪಿಸುವುದಕ್ಕೆ ‘ರೋಡ್ ಬಿಲ್ಡರ್’ ಅಲ್ಲಿವೆ.

ಪ್ರಶ್ನೆ: ಮಾಡ್ ತೆಗೆದುಹಾಕಿದರೆ ಕಟ್ಟಿದ ನಗರ ಕೆಡುವುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅದು ಮಾಡ್‌ನ ಸ್ವಭಾವವನ್ನು ಅವಲಂಬಿಸಿದೆ. ಮೊದಲ ಆವೃತ್ತಿಯಲ್ಲಿ ‘ಮೂವ್ ಇಟ್’ ಸರಿಸಿದ್ದು ಸರಿಸಿದಲ್ಲೇ ಉಳಿಯುತ್ತದೆ, ‘ಟ್ರಾಫಿಕ್ ಮ್ಯಾನೇಜರ್’ ತೆಗೆದರೆ ಅದರ ನಿಯಮಗಳು ಮಾತ್ರ ಹೋಗುತ್ತವೆ. ಹೊಸ ಬಗೆಯ ರಸ್ತೆಗಳನ್ನೇ ತಂದುಕೊಡುವ ಮಾಡ್‌ಗಳಲ್ಲಿ ಅಪಾಯ ಹೆಚ್ಚು; ಅಂಥದನ್ನು ತೆಗೆಯುವ ಮುನ್ನ ಆ ರಸ್ತೆಗಳನ್ನು ಆಟದ ಮೂಲ ರಸ್ತೆಗಳಿಗೆ ಬದಲಿಸಿ, ನಗರವನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.